ಮೊಳೆ ಹೊಡೆದ ಟಯರ್ ಪಂಕ್ಚರ್ ಆಗುವುದಿಲ್ಲವಾ? ನೋಕಿಯನ್ ಕಂಪನಿ ಬಗ್ಗೆ ಗೊತ್ತಿದ್ದವರು ಹೇಳಿ

ಮುಳ್ಳೇರಿಯದ ಟಯರಿನವ:

ಎಲ್ಲರಿಗೂ ನಮಸ್ಕಾರ. ಚೆರ್ಕಳ–ಜಾಲ್ಸೂರು ರಸ್ತೆ ಬದಿಯಲ್ಲಿ ನನ್ನದೊಂದು ಪಂಕ್ಚರ್ ಅಂಗಡಿ. ಇಪ್ಪತ್ತೆಂಟು ವರ್ಷ ಆಯಿತು. ಕಂಪ್ರೆಸರ್ ಎರಡು ಸಲ ಬದಲಾಯಿತು, ರಸ್ತೆಗೆ ಎಷ್ಟು ಸಲ ಡಾಮರು ಬಿತ್ತೋ ಲೆಕ್ಕ ಇಲ್ಲ, ನಾನು ಮಾತ್ರ ಅದೇ ಸ್ಟೂಲಿನ ಮೇಲೆ.

ನನಗೊಂದು ಅಭ್ಯಾಸ ಉಂಟು. ಟಯರಿನಿಂದ ಕಿತ್ತ ಮೊಳೆಯನ್ನು ಬಿಸಾಡುವುದಿಲ್ಲ. ಬಿಸಾಡಿದರೆ ಅದೇ ಮೊಳೆ ನಾಳೆ ಇನ್ನೊಬ್ಬರ ಟಯರಿಗೆ ಹೋಗುತ್ತದೆ. ಆಮೇಲೆ ಜನ "ಇವನೇ ರಸ್ತೆಗೆ ಹಾಕುವುದು" ಅನ್ನುತ್ತಾರೆ. ಹಾಗಾಗಿ ಒಂದು ಹಳೇ ಬಿಸ್ಕತ್ತಿನ ಡಬ್ಬಿಗೆ ಹಾಕಿ ಇಡುತ್ತೇನೆ. ಸೆಂಟ್ರಿಂಗ್ ಹಲಗೆಯ ಮೊಳೆ, ಶೀಟಿನ ಮೊಳೆ, ಚಪ್ಪಲಿ ಮೊಳೆ, ಒಮ್ಮೆ ಅಡಿಕೆ ಕತ್ತಿಯ ಮುರಿದ ತುದಿ. ಡಬ್ಬಿ ಈಗ ಎತ್ತಲಿಕ್ಕೆ ಆಗುವುದಿಲ್ಲ.

ಮೊನ್ನೆ ಅಣ್ಣನ ಮಗ ಊರಿಗೆ ಬಂದ. ಅವನು ಫಿನ್ಲೆಂಡಿನ ತಾಂಪೆರೆ ಎಂಬ ಊರಿನಲ್ಲಿ ಕೆಲಸಕ್ಕೆ ಇರುವುದು. ಬಂದವನೇ ಕಿಸೆಯಿಂದ ಕಾಗದದ ಪೊಟ್ಟಣ ತೆಗೆದು, "ಚಿಕ್ಕಪ್ಪ, ಇದು ನಿಮ್ಮ ಡಬ್ಬಿಗೆ" ಅಂದ. ಬಿಡಿಸಿದರೆ ಒಂದು ಪುಟ್ಟ ಲೋಹದ ತುಂಡು. ಕಡಲೆಕಾಳಿಗಿಂತ ಸ್ವಲ್ಪ ಉದ್ದ. ಕೆಳಗೆ ಅಗಲವಾದ ತಲೆ, ನಡುವೆ ಸೊಂಟದ ಹಾಗೆ ಸಪೂರ, ಮೇಲೆ ಮತ್ತೆ ದಪ್ಪ. ತುದಿಯಲ್ಲಿ ಬೇರೆ ಬಣ್ಣದ ಒಂದು ಚುಕ್ಕೆ. ಆ ಚುಕ್ಕೆಗೆ ಅರ ಹಾಕಿ ಉಜ್ಜಿ ನೋಡಿದೆ. ಅರವೇ ಜಾರಿತು. ಅದಕ್ಕೆ ಒಂದು ಗೀರು ಸಹ ಬೀಳಲಿಲ್ಲ.

"ಎಂತದು ಮಾರಾಯ ಇದು?" ಅಂತ ಕೇಳಿದೆ.

"ಟಯರಿನ ಮೊಳೆ. ಅಲ್ಲಿ ಚಳಿಗಾಲದ ಟಯರಿಗೆ ಫ್ಯಾಕ್ಟರಿಯಲ್ಲೇ ಹೊಡೆದು ಕೊಡ್ತಾರೆ. ಒಂದು ಟಯರಿಗೆ ನೂರಕ್ಕಿಂತ ಜಾಸ್ತಿ."

ನನಗೆ ನಗು ಬಂತು. ಇಷ್ಟು ವರ್ಷ ಮೊಳೆ ಕಿತ್ತು ಹೊಟ್ಟೆ ಹೊರೆದವ ನಾನು. ಅಲ್ಲಿ ಜನ ದುಡ್ಡು ಕೊಟ್ಟು ಮೊಳೆ ಹೊಡೆಸಿಕೊಳ್ಳುತ್ತಾರಂತೆ! ಸರಿಯಾಗಿ ಕೇಳುವ ಅಂದರೆ ಅವನು ಸಂಜೆಗೇ ಹೆಂಡತಿ ಮನೆಗೆ ಅಂತ ಪುತ್ತೂರಿಗೆ ಹೋದ. ಹೋಗುವ ಮೊದಲು ಮೊಬೈಲಿನಲ್ಲಿ ಒಂದು ಊರಿನ ಬೋರ್ಡು ತೋರಿಸಿದ. "ನೋಕಿಯಾ" ಅಂತ ಬರೆದಿತ್ತು. ಟಯರ್ ಕಂಪನಿಯ ಹೆಸರು "ನೋಕಿಯನ್" ಅಂತೆ. ನೋಕಿಯಾ ಅಂದರೆ ಮೊಬೈಲ್ ಅಲ್ವಾ? ನನ್ನ ಹತ್ತಿರ ಈಗಲೂ ಒಂದು ಉಂಟು, ಟಾರ್ಚ್ ಇರುವಂಥದ್ದು.

ಈ ಮೊಳೆ ಟಯರಿನ ಒಳಗೆ ಹೇಗೆ ನಿಲ್ಲುತ್ತದೆ, ಗಾಳಿ ಯಾಕೆ ಹೋಗುವುದಿಲ್ಲ ಅನ್ನುವುದು ನನ್ನ ಮೊದಲ ಪ್ರಶ್ನೆ. ಮತ್ತೆ, ಬರೀ ಹಿಮಕ್ಕೆ ಟಯರ್ ಮಾಡಿಕೊಂಡು ಒಂದು ಕಂಪನಿ ಬದುಕುವುದು ಹೇಗೆ? ವರ್ಷದಲ್ಲಿ ನಾಲ್ಕೈದು ತಿಂಗಳ ವ್ಯಾಪಾರ ಅಲ್ವಾ ಅದು? ಇನ್ನೊಂದು, ಮನೆ ಹಿಂದಿನ ಗುಡ್ಡೆಯಲ್ಲಿ ನನಗೆ ಮುಕ್ಕಾಲು ಎಕರೆ ರಬ್ಬರ್ ಉಂಟು. ನಮ್ಮ ಹಾಲು ಅಂಥ ಟಯರಿಗೆಲ್ಲ ಹೋಗುತ್ತದಾ ಅಂತ ಒಂದು ಆಸೆ.

ಯಾಕೆ ಇಷ್ಟು ಕೇಳುವುದು ಅಂದರೆ, ಟಯರ್ ಕಂಪನಿಯವರ ಮಾತು ಕೇಳಿ ಒಮ್ಮೆ ಕೈ ಸುಟ್ಟುಕೊಂಡವ ನಾನು. ಹೆಸರು ಬೇಡ. ಒಬ್ಬ ಏಜೆಂಟ್ ಬಂದು "ಮಳೆಗಾಲಕ್ಕೆಂದೇ ಮಾಡಿದ ಟಯರ್" ಅಂತ ಎಂಟು ಟಯರ್ ಇಳಿಸಿ ಹೋದ. ಆಮೇಲೆ ಬದಿಯಲ್ಲಿ ಒತ್ತಿದ ನಾಲ್ಕು ಅಂಕಿ ನೋಡಿದರೆ ಐದು ವರ್ಷ ಹಳೇ ಮಾಲು. ವಾರ, ವರ್ಷ ಎರಡೂ ಅದರಲ್ಲೇ ಉಂಟಲ್ಲ, ನಾನೇ ಗಿರಾಕಿಗಳಿಗೆ ಓದಲಿಕ್ಕೆ ಕಲಿಸುತ್ತೇನೆ. ಆ ದಿವಸ ನಾನೇ ಓದಲಿಲ್ಲ.

ಪೆರ್ಲದವ, ಈಗ ತಾಂಪೆರೆ:

ಅಣ್ಣ, ನಿಮ್ಮ ಪ್ರಶ್ನೆ ಓದಿ ಮಧ್ಯಾಹ್ನ ಊಟ ಬಿಟ್ಟು ಬರೆಯುತ್ತಾ ಇದ್ದೇನೆ. ನಾನು ಇರುವುದೂ ತಾಂಪೆರೆಯಲ್ಲೇ. ನೋಕಿಯಾ ಎಂಬ ಊರು ಇಲ್ಲಿಂದ ಪಶ್ಚಿಮಕ್ಕೆ, ಬಸ್ಸಿನಲ್ಲಿ ಅರ್ಧ ಗಂಟೆ. ಸಣ್ಣ ಊರು, ಮೂವತ್ತು ಮೂವತ್ತೈದು ಸಾವಿರ ಜನ ಇರಬಹುದು. ನಡುವೆ ಒಂದು ಹೊಳೆ. ಟಯರ್ ಫ್ಯಾಕ್ಟರಿ ಇರುವುದು ಅಲ್ಲೇ.

"ನೋಕಿಯನ್" ಅಂದರೆ ಫಿನ್ನಿಶ್ ಭಾಷೆಯಲ್ಲಿ "ನೋಕಿಯಾದ" ಅಂತ ಅಷ್ಟೇ. ನೀವು "ಮುಳ್ಳೇರಿಯದ ಟಯರಿನವ" ಅಂತ ಬರೆದುಕೊಂಡ ಹಾಗೆ, ಅವರು "ನೋಕಿಯಾದ ಟಯರು" ಅಂತ ಹೆಸರಿಟ್ಟುಕೊಂಡರು. ಇನ್ನೊಂದು ತಮಾಷೆ ಹೇಳುತ್ತೇನೆ. ಇಲ್ಲಿಯವರ ಭಾಷೆಯಲ್ಲಿ "ನೋಕಿ" ಅಂದರೆ ಮಸಿ. ಟಯರ್ ಕಪ್ಪಾಗುವುದೂ ಮಸಿಯಿಂದಲೇ ಅಲ್ವಾ? ಊರಿಗೆ ಹೆಸರು ಬಂದದ್ದು ಅದರಿಂದ ಅಲ್ಲ, ಹಿಂದೆ ಇಲ್ಲಿದ್ದ ಕಪ್ಪು ತುಪ್ಪಳದ ಒಂದು ಪ್ರಾಣಿಯಿಂದ ಅನ್ನುತ್ತಾರೆ.

ಈಗ ಮೊಳೆ ವಿಷಯ. ನಿಮ್ಮ ಡಬ್ಬಿಯ ಮೊಳೆ ಟಯರಿನ ಬಟನ್, ಅಂದರೆ ರಸ್ತೆಗೆ ತಾಗುವ ರಬ್ಬರಿನ ಉಬ್ಬು ದಾಟಿ, ಒಳಗಿನ ಉಕ್ಕಿನ ಬಲೆ ದಾಟಿ, ಗಾಳಿಯವರೆಗೆ ಹೋಗಿ ಬಂದದ್ದು. ಈ ಮೊಳೆ ಹಾಗಲ್ಲ. ಟಯರನ್ನು ಅಚ್ಚಿನಲ್ಲಿ ಬೇಯಿಸುವಾಗಲೇ ಬಟನ್‌ಗಳಲ್ಲಿ ಸಣ್ಣ ಗುಳಿ ಬಿಟ್ಟಿರುತ್ತಾರೆ. ಗುಳಿಯ ಆಳ ಉಕ್ಕಿನ ಬಲೆಗಿಂತ ಮೇಲೆಯೇ ಮುಗಿಯುತ್ತದೆ. ಆಮೇಲೆ ಗಾಳಿಯ ಗನ್ನಿನಿಂದ ಆ ಗುಳಿಯ ಬಾಯಿ ಅಗಲಿಸಿ ಮೊಳೆ ಇಳಿಸುತ್ತಾರೆ. ನೀವು ಹೇಳಿದ ಅಗಲ ತಲೆ ಉಂಟಲ್ಲ, ಅದು ಕೆಳಗೆ ಕೂರುತ್ತದೆ. ಸಪೂರ ಸೊಂಟವನ್ನು ರಬ್ಬರು ಹಿಡಿದುಕೊಳ್ಳುತ್ತದೆ. ಅಂಗಿಯ ಗುಂಡಿ ಕಾಜಕ್ಕೆ ಸಿಕ್ಕಿದ ಹಾಗೆ. ಹೊರಗೆ ಕಾಣುವುದು ಒಂದೋ ಎರಡೋ ಮಿಲಿಮೀಟರ್. ಅರಕ್ಕೆ ಜಗ್ಗದ ಆ ಚುಕ್ಕೆ ಟಂಗ್‌ಸ್ಟನ್ ಕಾರ್ಬೈಡ್. ಕಲ್ಲಿಗೆ ತೂತು ಕೊರೆಯುವ ಡ್ರಿಲ್ ಬಿಟ್ಟಿನ ತುದಿಗೆ ಹಾಕುವಂಥದ್ದೇ.

ಹೊಸ ಟಯರ್ ಹಾಕಿದ ಮೇಲೆ ಮೊದಲ 500 ಕಿಲೋಮೀಟರ್ ಮೆಲ್ಲ ಓಡಿಸಬೇಕು. ಜೋರಾಗಿ ಬ್ರೇಕ್ ಹಾಕಬಾರದು, ಗಕ್ಕನೆ ತಿರುಗಿಸಬಾರದು. ಮೊಳೆ ತನ್ನ ಜಾಗದಲ್ಲಿ ಸರಿಯಾಗಿ ಕೂರಬೇಕಲ್ಲ. ಅದನ್ನು ಕೇಳದವರ ಟಯರಿನಿಂದಲೇ ಮೊಳೆ ಎದ್ದು ಬರುವುದು. ನಿಮ್ಮ ಹುಡುಗನಿಗೆ ಸಿಕ್ಕಿದ್ದೂ ಅಂಥದ್ದೇ ಇರಬೇಕು. ಮಾರ್ಚಿಯಲ್ಲಿ ಹಿಮ ಕರಗಿದಾಗ ರಸ್ತೆ ಬದಿಯಲ್ಲಿ ನೋಡಿದರೆ ಸಿಗುತ್ತದೆ.

ಲೆಕ್ಕಾಚಾರವೂ ಉಂಟು. ಕಾರಿನ ಟಯರಿನ ಮೊಳೆ 1.1 ಗ್ರಾಂಗಿಂತ ಭಾರ ಇರಬಾರದು ಅಂತ ಇಲ್ಲಿಯ ಕಾನೂನು. ಟಯರು ಒಂದು ಮೀಟರ್ ಉರುಳಿದರೆ ಅದರಲ್ಲಿ 50 ಮೊಳೆಯವರೆಗೆ ಇರಬಹುದು, ಅದಕ್ಕಿಂತ ಜಾಸ್ತಿ ಬೇಕಾದರೆ ರಸ್ತೆ ಹಾಳಾಗುವುದಿಲ್ಲ ಅಂತ ಪರೀಕ್ಷೆ ಮಾಡಿ ತೋರಿಸಬೇಕು. ನೋಕಿಯನ್‌ನವರು ಹಾಗೆ ತೋರಿಸಿಯೇ ಒಂದು ಮಾಡೆಲಿಗೆ 190 ಮೊಳೆ ಹಾಕಿದರು. ಅದೇ ಮಾಡೆಲ್ ಹಾಕಿದ ಒಂದು ಕಾರು 2013ರಲ್ಲಿ, ಔಲು ಎಂಬ ಊರಿನ ಹತ್ತಿರ ಹೆಪ್ಪುಗಟ್ಟಿದ ಸಮುದ್ರದ ಮೇಲೆ ಗಂಟೆಗೆ 335 ಕಿಲೋಮೀಟರ್ ಓಡಿ ದಾಖಲೆ ಮಾಡಿತು. ಹೌದು ಅಣ್ಣ, ಸಮುದ್ರದ ಮೇಲೆ. ನಮ್ಮಲ್ಲಿ ಸಮುದ್ರದ ಬದಿಯ ರಸ್ತೆ ಉಳಿಸಿಕೊಳ್ಳಲಿಕ್ಕೇ ಕಷ್ಟ.

ಆದರೆ ಮೊಳೆಗಿಂತ ದೊಡ್ಡ ಗುಟ್ಟು ರಬ್ಬರಿನಲ್ಲಿ ಉಂಟು. ನಮ್ಮ ಊರಿನ ಟಯರನ್ನು ಇಲ್ಲಿ ಜನವರಿಯಲ್ಲಿ ಮುಟ್ಟಿದರೆ ಮರದ ತುಂಡು ಮುಟ್ಟಿದ ಹಾಗೆ ಇರುತ್ತದೆ. ಸುಮಾರು 7 ಡಿಗ್ರಿಗಿಂತ ಕೆಳಗೆ ಹೋದರೆ ಬೇಸಿಗೆ ಟಯರು ಗಟ್ಟಿಯಾಗಲಿಕ್ಕೆ ಶುರು. ಚಳಿಗಾಲದ ಟಯರು ಮೈನಸ್ 20ರಲ್ಲೂ ಮೆತ್ತಗೆ ಇರಬೇಕು. ಬಟನ್ ತುಂಬ ಬ್ಲೇಡಿನಿಂದ ಗೀರಿದ ಹಾಗೆ ಸಣ್ಣ ಸಣ್ಣ ಸೀಳು. ಆ ಸೀಳಿನ ಅಂಚುಗಳು ಹಿಮವನ್ನು ಕಚ್ಚುತ್ತವೆ. ಮೊಳೆ ಇಲ್ಲದ ಚಳಿಗಾಲದ ಟಯರೂ ಉಂಟು, ಪೇಟೆಯ ಒಳಗೆ ಓಡಿಸುವ ಕೆಲವರು ಅದನ್ನು ಹಾಕುತ್ತಾರೆ. ಮೊಳೆ ಟಯರು ಒಣ ಡಾಮರಿನ ಮೇಲೆ ಚರಚರ ಅಂತ ಸದ್ದು ಮಾಡುತ್ತದೆ, ಡಾಮರನ್ನೂ ತಿನ್ನುತ್ತದೆ. ವಸಂತ ಬಂದರೆ ಆ ಧೂಳಿಗೆ ಕೆಮ್ಮು.

ನನ್ನ ಮೊದಲ ಚಳಿಗಾಲದ ಕಥೆ ಹೇಳುತ್ತೇನೆ. ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡಿದ್ದೆ. ಟಯರ್ ಬದಲಾಯಿಸಬೇಕು ಅಂತ ಆಫೀಸಿನಲ್ಲಿ ಎಲ್ಲರೂ ಹೇಳಿದರು. "ಮುಂದಿನ ವಾರ ನೋಡುವ" ಅಂತ ನಾನು. ನಮ್ಮ ಜಾತಕ ಅಲ್ವಾ. ಒಂದು ಬೆಳಿಗ್ಗೆ ರಸ್ತೆ ನೋಡಿದರೆ ಬರೀ ಒದ್ದೆ ಇದ್ದ ಹಾಗೆ ಕಂಡಿತು. ವೃತ್ತದ ಹತ್ತಿರ ಬ್ರೇಕ್ ಒತ್ತಿದೆ. ಕಾರು ನಿಲ್ಲಲೇ ಇಲ್ಲ. ಜೋರೂ ಇಲ್ಲ, ಸದ್ದೂ ಇಲ್ಲ, ಎಣ್ಣೆ ಹಚ್ಚಿದ ಮಣೆಯ ಮೇಲೆ ಜಾರಿದ ಹಾಗೆ ಮೆಲ್ಲ ಹೋಗಿ ವೃತ್ತದ ನಡುವಿನ ಹಿಮದ ರಾಶಿಗೆ ಮೂಗು ತಾಗಿಸಿ ನಿಂತಿತು. ಹಿಂದಿನ ಕಾರಿನ ಅಜ್ಜಿ ಇಳಿದು ಬಂದು ಮೊದಲು ನೋಡಿದ್ದು ನನ್ನ ಮುಖ ಅಲ್ಲ, ಟಯರ್!

ನವೆಂಬರಿನಿಂದ ಮಾರ್ಚಿವರೆಗೆ, ಹವೆ ಕೆಟ್ಟಿದ್ದರೆ, ಚಳಿಗಾಲದ ಟಯರ್ ಹಾಕಲೇಬೇಕು ಅಂತ ಕಾನೂನು. ಅದರ ಬಟನ್ ಆಳ ಕನಿಷ್ಠ 3 ಮಿಲಿಮೀಟರ್ ಇರಬೇಕು. ಹಾಗಾಗಿ ಪ್ರತಿ ಕಾರಿಗೂ ಎರಡು ಸೆಟ್. ಬೇಸಿಗೆಯದ್ದು ಬೇರೆ, ಚಳಿಗಾಲದ್ದು ಬೇರೆ. ಫ್ಲ್ಯಾಟಿನಲ್ಲಿ ಇರುವವರು ಇನ್ನೊಂದು ಸೆಟ್ ಎಲ್ಲಿ ಇಡುವುದು? ಅದಕ್ಕೆ "ಟಯರ್ ಹೋಟೆಲ್" ಅಂತ ಉಂಟು. ದುಡ್ಡು ಕೊಟ್ಟರೆ ತೊಳೆದು, ಹೆಸರು ಬರೆದು, ಆರು ತಿಂಗಳು ಇಟ್ಟುಕೊಳ್ಳುತ್ತಾರೆ. ನೋಕಿಯನ್‌ನವರದ್ದೇ ವಿಯಾನೋರ್ ಅಂತ ಅಂಗಡಿಗಳ ಸಾಲು ಉಂಟು, ಅಲ್ಲಿ ಟಯರ್ ಮಾರುವುದು, ಬದಲಾಯಿಸುವುದು, ಹೋಟೆಲಿನಲ್ಲಿ ಇಡುವುದು ಎಲ್ಲ ಆಗುತ್ತದೆ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದು. ಹಿಮ ನಾಲ್ಕೈದು ತಿಂಗಳು, ಕೆಲಸ ವರ್ಷ ಇಡೀ.

ಮುಳ್ಳೇರಿಯದ ಟಯರಿನವ:

ತಮ್ಮಾ, ಟಯರಿಗೆ ಹೋಟೆಲಾ! ಇಲ್ಲಿ ನನ್ನ ಅಂಗಡಿ ಹಿಂದೆ ಗಿರಾಕಿಗಳು ಬಿಟ್ಟು ಹೋದ ಹಳೇ ಟಯರ್ ಮೂವತ್ತು ನಲವತ್ತು ಬಿದ್ದಿದೆ. ಬಾಡಿಗೆ ಅಂತ ಒಂದು ಪೈಸೆ ಇಲ್ಲ. ಮಳೆಗಾಲ ಬಂದರೆ ಹೆಲ್ತ್‌ನವರು ಬಂದು ಸೊಳ್ಳೆ ಆಗುತ್ತದೆ ಅಂತ ಜೋರು ಮಾಡುವುದು ಬೇರೆ.

ಅಂಗಿ ಗುಂಡಿ, ಕಾಜ ಅಂದದ್ದು ಸರಿಯಾಗಿ ಅರ್ಥ ಆಯಿತು. ಗುಳಿ ಬಲೆಯವರೆಗೆ ಹೋಗುವುದಿಲ್ಲ ಅಂದರೆ ಗಾಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಆಯ್ತು. ನಮ್ಮ ರಬ್ಬರಿನ ವಿಷಯ ಯಾರಾದರೂ ಹೇಳಿ.

ದೇಲಂಪಾಡಿ ರಬ್ಬರ್:

ಟಯರಿನಣ್ಣ, ನಿಮ್ಮ ಆಸೆಗೆ ನೀರು ಹಾಕುವುದು ಬೇಸರ. ಆದರೂ ಹೇಳುತ್ತೇನೆ. ನಮ್ಮ ಹಾಲು ಫಿನ್ಲೆಂಡಿಗೆ ಹೋಗುವುದು ಕಷ್ಟ. ಕಾರಣ ನಮ್ಮ ರಬ್ಬರ್ ಕೆಟ್ಟದ್ದು ಅಂತ ಅಲ್ಲ. ಇಡೀ ದೇಶದಲ್ಲಿ ಆಗುವ ರಬ್ಬರು ವರ್ಷಕ್ಕೆ ಸುಮಾರು 8.5 ಲಕ್ಷ ಟನ್. ಬೇಕಾಗುವುದು 14 ಲಕ್ಷ ಟನ್ನಿನ ಹತ್ತಿರ. ನಮ್ಮ ದೇಶದ ಟಯರ್ ಕಂಪನಿಗಳಿಗೇ ಸಾಕಾಗುವುದಿಲ್ಲ, ಹೊರಗಿನಿಂದ ತರಿಸುತ್ತಾರೆ. ಯುರೋಪಿನವರು ಥಾಯ್ಲೆಂಡ್, ಇಂಡೋನೇಷ್ಯಾ ಮುಂತಾದ ಕಡೆಯದ್ದನ್ನು ಕೊಳ್ಳುತ್ತಾರೆ. ಅದೂ ನಮ್ಮ ಹಾಗೆ ಹೊಗೆಮನೆಯಲ್ಲಿ ಒಣಗಿಸಿದ ಶೀಟ್ ಅಲ್ಲ, ಇಟ್ಟಿಗೆ ಹಾಗೆ ಒತ್ತಿದ ಬ್ಲಾಕ್ ರಬ್ಬರ್ ಜಾಸ್ತಿ.

ಆದರೆ ಒಂದು ಹೆಮ್ಮೆ ಪಡುವ ಮಾತು ಉಂಟು. ಪೆರ್ಲದ ತಮ್ಮ ಮೆತ್ತಗಿನ ರಬ್ಬರ್ ಅಂದನಲ್ಲ, ಆ ಗುಣ ಮರದ ಹಾಲಿನದ್ದು. ಮೈನಸ್ 70 ಡಿಗ್ರಿ ಆಸುಪಾಸಿಗೆ ಇಳಿಯುವವರೆಗೆ ಅದು ಗಾಜಿನ ಹಾಗೆ ಗಟ್ಟಿ ಆಗುವುದಿಲ್ಲ. ಬೆಳೆಯುವುದು ಸೆಕೆಯ ಊರಿನಲ್ಲಿ, ಕೆಲಸಕ್ಕೆ ಬರುವುದು ಹಿಮದಲ್ಲಿ. ಬೆಳಿಗ್ಗೆ ನಾಲ್ಕು ಗಂಟೆಗೆ ತಲೆಗೆ ಲೈಟ್ ಕಟ್ಟಿಕೊಂಡು ಟ್ಯಾಪಿಂಗಿಗೆ ಹೋಗುವಾಗ, ಗೆರಟೆಗೆ ತೊಟ್ಟು ತೊಟ್ಟು ಬೀಳುವ ಈ ಹಾಲು ಇನ್ನೆಲ್ಲಿಯೋ ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುತ್ತದೆ ಅಂತ ಯಾರು ನೆನೆಸುತ್ತಾರೆ! ನಾನಂತೂ ನೆನೆಸಿರಲಿಲ್ಲ. ಆಗ ನನ್ನ ತಲೆಯಲ್ಲಿ ಇರುವುದು ಹಾವು.

ಮರದ ರಬ್ಬರ್ ಒಂದೇ ಅಲ್ಲ, ಪೆಟ್ರೋಲಿಯಂನಿಂದ ಮಾಡಿದ ರಬ್ಬರು, ಸಿಲಿಕಾ, ಮಸಿ, ಗಂಧಕ, ಎಣ್ಣೆ ಎಲ್ಲ ಸೇರುತ್ತದೆ. ಲಾರಿ ಟಯರಿನಲ್ಲಿ ನಮ್ಮ ಪಾಲು ಜಾಸ್ತಿ, ಕಾರಿನದ್ದರಲ್ಲಿ ಕಡಿಮೆ. ನೋಕಿಯನ್‌ನವರು ಎಣ್ಣೆಗೆ ರೇಪ್‌ಸೀಡ್ ಅಂತ, ನಮ್ಮ ಸಾಸಿವೆಯ ತಂಗಿಯಂಥ ಒಂದು ಗಿಡದ ಎಣ್ಣೆಯನ್ನೂ ಸೇರಿಸುತ್ತಾರೆ. ಟಯರಿಗೆ ಒಗ್ಗರಣೆ ಅನ್ನಿ.

ಇನ್ನೊಂದು ವಿಷಯ ನೀವು ತಿಳಿದಿರಬೇಕು. ಕಾಡು ಕಡಿದು ಮಾಡಿದ ತೋಟದ ಮಾಲು ಬೇಡ ಅಂತ ಯುರೋಪಿನವರು 2023ರಲ್ಲಿ ಕಾನೂನು ಮಾಡಿದರು. ರಬ್ಬರೂ ಅದರಲ್ಲಿ ಉಂಟು. 2020ರ ಡಿಸೆಂಬರ್ ನಂತರ ಕಾಡು ಕಡಿದ ಜಾಗ ಆಗಿರಬಾರದು, ತೋಟ ಎಲ್ಲಿ ಉಂಟು ಅಂತ ನಕ್ಷೆಯಲ್ಲಿ ತೋರಿಸಬೇಕು. ಜಾರಿ ಮಾಡುವ ದಿನ ಮುಂದಕ್ಕೆ ಹೋಗಿದೆ, ಆದರೂ ನಮ್ಮ ರಬ್ಬರ್ ಬೋರ್ಡ್ ತೋಟಗಳನ್ನು ಮ್ಯಾಪ್ ಮಾಡುವ ಕೆಲಸಕ್ಕೆ ಇಳಿದಿದೆ. ನಮ್ಮ ರಬ್ಬರ್ ನೇರ ಅಲ್ಲಿಗೆ ಹೋಗದೆ ಇರಬಹುದು. ಆದರೆ ಇಲ್ಲಿ ಟಯರ್ ಮಾಡಿ ಯುರೋಪಿಗೆ ಕಳಿಸುವ ಕಂಪನಿಗೆ ಆ ಕಾಗದ ಬೇಕೇ ಬೇಕು. ನಿಮ್ಮ ಮುಕ್ಕಾಲು ಎಕರೆಯದ್ದೂ ಮಾಡಿಸಿ ಇಡಿ. ರೇಟ್ ಜಾಸ್ತಿ ಸಿಗುತ್ತದೆ ಅಂತ ನಾನು ಹೇಳುವುದಿಲ್ಲ. ರಬ್ಬರ್ ರೇಟಿನ ಮೇಲೆ ಭಾಷೆ ಕೊಡುವ ಪ್ರಾಯ ನನ್ನದು ದಾಟಿತು. 2011ರಲ್ಲಿ ಕಿಲೋಗೆ 240ರ ಹತ್ತಿರ ಮಾರಿದವ ನಾನು, 2016ರಲ್ಲಿ ನೂರಕ್ಕಿಂತ ಕೆಳಗೆ ಹೋದಾಗ ಕತ್ತಿಯನ್ನು ಮಾಡಿಗೆ ಸಿಕ್ಕಿಸಿ ಇಟ್ಟೂ ಆಯಿತು.

ಕುಂಬಳೆ ರಿಟೈರ್ಡ್:

ಬ್ಯಾಂಕಿನಲ್ಲಿ ಇದ್ದು ರಿಟೈರ್ ಆದವ ನಾನು. ಕಂಪನಿಗಳ ವಾರ್ಷಿಕ ವರದಿ ಓದುವುದು ನನಗೆ ಕೆಲವರಿಗೆ ಕ್ರಾಸ್‌ವರ್ಡ್ ಇದ್ದ ಹಾಗೆ. ಹಾಗಾಗಿ ಮೊಬೈಲ್ ಪ್ರಶ್ನೆ, ವ್ಯಾಪಾರದ ಪ್ರಶ್ನೆ ಎರಡನ್ನೂ ನಾನು ತೆಗೆದುಕೊಳ್ಳುತ್ತೇನೆ.

1898ರಲ್ಲಿ ಹೆಲ್ಸಿಂಕಿಯಲ್ಲಿ ಒಂದು ರಬ್ಬರ್ ಕಾರ್ಖಾನೆ ಶುರುವಾಯಿತು. ಮಾಡಿದ್ದು ಟಯರಲ್ಲ, ಬೂಟಿನ ಮೇಲೆ ಹಾಕುವ ರಬ್ಬರಿನ ಚಪ್ಪಲಿ ಇತ್ಯಾದಿ. ಹೊಳೆಯ ಕರೆಂಟು ಸಿಗುತ್ತದೆ ಅಂತ 1904ರಲ್ಲಿ ನೋಕಿಯಾ ಊರಿಗೆ ಬಂತು. ಅಲ್ಲಿ ಮೊದಲೇ ಅದೇ ಹೆಸರಿನ ಕಾಗದದ ಗಿರಣಿ ಇತ್ತು. 1925ರಲ್ಲಿ ಸೈಕಲ್ ಟಯರ್, 1932ರಲ್ಲಿ ಕಾರಿನ ಟಯರ್. 1934ರಲ್ಲಿ ಲಾರಿಗೆ ಅಂತ ಚಳಿಗಾಲದ ಟಯರ್ ಮಾಡಿದರು. ಜಗತ್ತಿನಲ್ಲೇ ಅದು ಮೊದಲನೆಯದ್ದು. ಯಾಕೆ ಲಾರಿ? ಆಗ ರಸ್ತೆಯ ಹಿಮ ತೆಗೆಯುವವರು ಯಾರು, ಸಾಮಾನು ತುಂಬಿದ ಲಾರಿ ಹೂತು ಹೋದರೆ ವ್ಯಾಪಾರವೇ ನಿಂತ ಹಾಗೆ. ಎರಡು ವರ್ಷದ ಮೇಲೆ ಕಾರಿನದ್ದು ಬಂತು, ಹೆಸರು ಹಕ್ಕಪೆಲೀತ್ತ. ಹದಿನೇಳನೇ ಶತಮಾನದಲ್ಲಿ ಯುರೋಪಿನ ಮೂವತ್ತು ವರ್ಷದ ಯುದ್ಧದಲ್ಲಿ ಹೋರಾಡಿದ ಫಿನ್ನಿಶ್ ಕುದುರೆ ಸವಾರರಿಗೆ ಇದ್ದ ಹೆಸರು ಅದು. "ಹೊಡೆಯಿರಿ" ಅಂತ ಅವರು ಹಾಕುತ್ತಿದ್ದ ಬೊಬ್ಬೆಯಿಂದ ಬಂದದ್ದು. ಆ ಹೆಸರಿನಲ್ಲಿ ಈಗಲೂ ಟಯರ್ ಬರುತ್ತದೆ.

1967ರಲ್ಲಿ ಕಾಗದದವರು, ರಬ್ಬರಿನವರು, ಕೇಬಲಿನವರು ಮೂವರೂ ಒಂದಾಗಿ ನೋಕಿಯಾ ಕಾರ್ಪೊರೇಶನ್ ಆಯಿತು. ಕೇಬಲಿನ ಕಡೆಯಿಂದ ಎಲೆಕ್ಟ್ರಾನಿಕ್ಸ್ ಬೆಳೆಯಿತು, ಆಮೇಲೆ ನಿಮ್ಮ ಟಾರ್ಚ್ ಇರುವ ಮೊಬೈಲ್. 1988ರಲ್ಲಿ ಟಯರಿನವರನ್ನು ಬೇರೆ ಮನೆ ಮಾಡಿದರು. 1995ರಲ್ಲಿ ಶೇರು ಮಾರುಕಟ್ಟೆಗೆ ಬಂತು. 2003ರಲ್ಲಿ ನೋಕಿಯಾ ತನ್ನ ಪಾಲನ್ನು ಜಪಾನಿನ ಬ್ರಿಜ್‌ಸ್ಟೋನ್‌ಗೆ ಮಾರಿತು. ಹಾಗಾಗಿ ಒಂದೇ ಮನೆಯ ಅಣ್ಣತಮ್ಮ, ಈಗ ಪಾಲಾಗಿ ಒಲೆ ಬೇರೆ ಬೇರೆ.

ಈಗ ಮುಖ್ಯ ಕಥೆ. ಫಿನ್ಲೆಂಡಿನಲ್ಲಿ ಇರುವುದು 55 ಲಕ್ಷದಷ್ಟು ಜನ. ಎಷ್ಟು ಟಯರ್ ಮಾರಬಹುದು? ಪಕ್ಕದಲ್ಲೇ ರಷ್ಯಾ. ಎಷ್ಟು ಹಿಮ ಬೇಕೋ ಅಷ್ಟು ಹಿಮ, ಖರ್ಚೂ ಕಡಿಮೆ. 2005ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಹತ್ತಿರ ಫ್ಯಾಕ್ಟರಿ ಶುರು ಮಾಡಿದರು. ಅಲ್ಲಿ ಮಾಡಿ ಅಲ್ಲೇ ಮಾರಿದರು, ಮಿಕ್ಕದ್ದನ್ನು ಯುರೋಪಿಗೆ ಕಳಿಸಿದರು. ಒಳ್ಳೇ ಲಾಭ. ಎಷ್ಟು ಒಳ್ಳೇದು ಅಂದರೆ, 2021ರ ಹೊತ್ತಿಗೆ ಅವರ ಕಾರಿನ ಟಯರುಗಳಲ್ಲಿ ನೂರಕ್ಕೆ ಸುಮಾರು 80 ಆ ಒಂದೇ ಫ್ಯಾಕ್ಟರಿಯಿಂದ ಬರುತ್ತಿತ್ತು.

2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ. ರಷ್ಯಾದ ಟಯರ್ ಯುರೋಪಿಗೆ ಬರಬಾರದು ಅಂತ ನಿರ್ಬಂಧ ಬಂತು. ಜೂನ್ ತಿಂಗಳಲ್ಲಿ ಕಂಪನಿ "ನಾವು ರಷ್ಯಾದಿಂದ ಹೊರಡುತ್ತೇವೆ" ಅಂತ ಹೇಳಿತು. ಶೇರಿನ ಬೆಲೆ ಆ ವರ್ಷ ಮೂರನೇ ಒಂದು ಭಾಗದ ಆಸುಪಾಸಿಗೆ ಬಿತ್ತು. ಫ್ಯಾಕ್ಟರಿಯನ್ನು ತಾತ್‌ನೆಫ್ಟ್ ಎಂಬ ರಷ್ಯಾದ ಎಣ್ಣೆ ಕಂಪನಿಗೆ ಮಾರಿದರು. ಮೊದಲು ಮಾತಾದದ್ದು 40 ಕೋಟಿ ಯೂರೋ, 2023ರ ಮಾರ್ಚಿಯಲ್ಲಿ ಕೈಗೆ ಬಂದದ್ದು 28.5 ಕೋಟಿ. ಹೊರಡುವ ಅವಸರದಲ್ಲಿ ಇರುವವನ ಹತ್ತಿರ ಯಾರು ಪೂರ್ತಿ ಬೆಲೆ ಕೊಡುತ್ತಾರೆ? ವ್ಯಾಪಾರ 2021ರಲ್ಲಿ ಸುಮಾರು 170 ಕೋಟಿ ಯೂರೋ ಇದ್ದದ್ದು 2023ರಲ್ಲಿ 117 ಕೋಟಿಯ ಹತ್ತಿರ ನಿಂತಿತು.

ಟಯರಿಗೆ ಗಿರಾಕಿ ಇದ್ದಾರೆ, ಕೊಡಲಿಕ್ಕೆ ಟಯರ್ ಇಲ್ಲ. ಹಾಗಾಯಿತು ಅವರ ಪರಿಸ್ಥಿತಿ. ಬೇರೆಯವರ ಫ್ಯಾಕ್ಟರಿಯಲ್ಲಿ ತಮ್ಮ ಹೆಸರಿನ ಟಯರ್ ಮಾಡಿಸಿದರು. ಅಮೆರಿಕದ ಟೆನೆಸ್ಸಿ ರಾಜ್ಯದ ಡೇಟನ್‌ನಲ್ಲಿ ಒಂದು ಫ್ಯಾಕ್ಟರಿ 2019ರಲ್ಲೇ ತೆರೆದಿದ್ದರು, ಅದನ್ನು ಹೆಚ್ಚಿಸಿದರು. ರೊಮಾನಿಯಾದ ಒರಾಡಿಯಾದಲ್ಲಿ 65 ಕೋಟಿ ಯೂರೋ ಹಾಕಿ ಹೊಸತು ಕಟ್ಟಿದರು. 2022ರ ನವೆಂಬರಿನಲ್ಲಿ ತೀರ್ಮಾನ, 2024ರ ಜುಲೈಯಲ್ಲಿ ಮೊದಲ ಟಯರ್ ಹೊರಗೆ. ನಮ್ಮಲ್ಲಿ ಅಷ್ಟರಲ್ಲಿ ಒಂದು ಸೇತುವೆಗೆ ಕಂಬ ಏಳುವುದಿಲ್ಲ. ಇಂಗಾಲ ಹೊರಗೆ ಬಿಡದ ಫ್ಯಾಕ್ಟರಿ ಅಂತ ಅದಕ್ಕೆ ಹೆಸರು.

ಇದರ ನಡುವೆ ಅವರನ್ನು ಹಿಡಿದು ನಿಲ್ಲಿಸಿದ್ದರಲ್ಲಿ ಒಂದು, ದೊಡ್ಡ ಯಂತ್ರಗಳ ಟಯರು. ಕಾಡಿನಲ್ಲಿ ಮರ ಕಡಿದು ಎಳೆಯುವ ಯಂತ್ರ, ಟ್ರ್ಯಾಕ್ಟರ್, ಗಣಿಯ ಗಾಡಿ, ಅವುಗಳ ಟಯರನ್ನು ಅವರು ನೋಕಿಯಾ ಊರಲ್ಲೇ ಮಾಡುವುದು. ಅದನ್ನು ಮಾಡುವ ಕೆಲಸ ರಷ್ಯಾಕ್ಕೆ ಹೋಗಿರಲಿಲ್ಲ.

ಮುಳ್ಳೇರಿಯದ ಟಯರಿನವ:

ಸರ್, ನೀವು ಬರೆದದ್ದನ್ನು ಎರಡು ಸಲ ಓದಿದೆ. ನೂರಕ್ಕೆ 80 ಅಂದ ಜಾಗದಲ್ಲಿ ನಿಂತುಬಿಟ್ಟೆ. ಯಾಕೆ ಅಂದರೆ ಅದು ನನ್ನದೇ ಕಥೆ.

ಇಲ್ಲಿ ಹತ್ತಿರ ಒಂದು ಕೆಂಪುಕಲ್ಲಿನ ಕೋರೆ ಇತ್ತು. ಅವರದ್ದು ಹನ್ನೊಂದು ಲಾರಿ. ದಿವಸಕ್ಕೆ ಎರಡಾದರೂ ನನ್ನ ಅಂಗಡಿಗೆ ಬರಲೇಬೇಕು. ಆ ರಸ್ತೆಯಲ್ಲಿ ಓಡಿದರೆ ಟಯರ್ ಉಳಿಯುತ್ತದಾ? ಪಂಕ್ಚರ್, ರೀಸೋಲ್, ಟ್ಯೂಬ್, ತಿಂಗಳಿಗೊಮ್ಮೆ ಒಟ್ಟಿಗೆ ಲೆಕ್ಕ. ಬೈಕಿನವರು ಬಂದು ನಿಂತರೆ "ಆಮೇಲೆ ಬನ್ನಿ" ಅನ್ನುವಷ್ಟು ಅಹಂಕಾರ ಬಂದಿತ್ತು ನನಗೆ. ಲಾರಿಗೆ ಅಂತಲೇ ದೊಡ್ಡ ಜಾಕಿ, ಹೊಸ ಕಂಪ್ರೆಸರ್ ಸಾಲ ಮಾಡಿ ತಂದೆ. ಒಂದು ದಿನ ಕೋರೆ ನಿಂತಿತು. ಲೈಸೆನ್ಸಿನ ಗಲಾಟೆ. ಹನ್ನೊಂದು ಲಾರಿಯೂ ಒಂದೇ ವಾರದಲ್ಲಿ ಬೇರೆ ಕಡೆ ಹೋಯಿತು. ಎರಡು ತಿಂಗಳ ಲೆಕ್ಕ ಇನ್ನೂ ಪುಸ್ತಕದಲ್ಲಿ ಉಂಟು.

ಆಮೇಲೆ ಬೈಕಿನವರು ವಾಪಸ್ ಬರಲಿಕ್ಕೆ ಎರಡು ವರ್ಷ ಹಿಡಿಯಿತು. ಒಬ್ಬ ಮೇಷ್ಟ್ರು ಅಂತೂ ಈಗಲೂ ಗಾಳಿ ಹಾಕಿಸುವಾಗ "ಈಗ ಪುರುಸೊತ್ತು ಉಂಟಾ?" ಅಂತ ಕೇಳಿಯೇ ಸ್ಟ್ಯಾಂಡ್ ಹಾಕುವುದು.

ಅಷ್ಟು ಓದಿದವರು, ಆಫೀಸಿನಲ್ಲಿ ಕೂತು ಲೆಕ್ಕ ಹಾಕುವವರು, ಅವರಿಗೂ ಹಾಗೆಯೇ ಆಯಿತಲ್ಲ.

ಕುಂಬಳೆ ರಿಟೈರ್ಡ್:

ಅವರಿಗೆ ಎಚ್ಚರಿಕೆ ಮೊದಲೇ ಸಿಕ್ಕಿತ್ತು. 2014ರಲ್ಲಿ ರಷ್ಯಾದ ದುಡ್ಡು ರೂಬಲ್ ಬಿದ್ದಾಗಲೂ ಪೆಟ್ಟು ತಿಂದಿದ್ದರು. ಆದರೆ ಲಾಭ ಬರುವ ಫ್ಯಾಕ್ಟರಿಯನ್ನು ಚಿಕ್ಕದು ಮಾಡುವುದು ಯಾರಿಗೂ ಸುಲಭ ಅಲ್ಲ. ನಾನು ಬ್ಯಾಂಕಿನಲ್ಲಿ ಇದ್ದಾಗ ನಿಮ್ಮ ಹಾಗೆ ಜಾಕಿಗೆ ಸಾಲ ಕೇಳಿದವರಿಗೆ ಕಣ್ಣು ಮುಚ್ಚಿ ಕೊಟ್ಟಿದ್ದೇನೆ, "ಹನ್ನೊಂದು ಲಾರಿ ಉಂಟಲ್ಲ" ಅಂತ.

ಮಂಜೇಶ್ವರದ ಹುಡುಗ:

ಅಂಕಲ್, ನನ್ನದೊಂದು ದಡ್ಡ ಪ್ರಶ್ನೆ. ಆ ಚಳಿಗಾಲದ ಟಯರ್ ನಮ್ಮ ಕಾರಿಗೆ ಹಾಕಿದರೆ ಮಳೆಗಾಲದಲ್ಲಿ ಜಾರದೆ ಇರಬಹುದಲ್ವಾ? ಮೊಳೆ ಇಲ್ಲದ್ದು. ಹೆದ್ದಾರಿಯಲ್ಲಿ ನೀರು ನಿಂತ ಕಡೆ ಕಾರು ಒಮ್ಮೆ ತೇಲಿದ ಹಾಗೆ ಆಗಿತ್ತು.

ಪೆರ್ಲದವ, ಈಗ ತಾಂಪೆರೆ:

ಬೇಡ ತಮ್ಮಾ. ನಮ್ಮ ಏಪ್ರಿಲ್ ತಿಂಗಳ ಡಾಮರಿನ ಮೇಲೆ ಅದು ಶಾಲೆಯ ರಬ್ಬರಿನ ಹಾಗೆ ಸವೆದು ಹೋಗುತ್ತದೆ. ಬ್ರೇಕ್ ಹಾಕಿದರೆ ಬಟನ್‌ಗಳೇ ಬಾಗುತ್ತವೆ, ನಿಲ್ಲಲಿಕ್ಕೆ ಜಾಸ್ತಿ ದೂರ ಬೇಕಾಗುತ್ತದೆ. ನೀನು ತೇಲಿದ್ದು ಟಯರಿನ ಸಾಲಿನಲ್ಲಿ ನೀರು ಹೋಗಲಿಕ್ಕೆ ದಾರಿ ಇಲ್ಲದೆ. ಬಟನ್ ಆಳ ನೋಡಿಸು, ಗಾಳಿ ಸರಿ ಇಡು, ನೀರು ಕಂಡರೆ ಕಾಲು ತೆಗಿ.

ಆಳದ ಮಾತು ಬಂದದ್ದಕ್ಕೆ ಹೇಳುತ್ತೇನೆ. ನೋಕಿಯನ್ ಟಯರಿನ ನಡುವೆ ಅಂಕಿಗಳನ್ನು ಅಚ್ಚು ಹಾಕಿರುತ್ತಾರೆ. 8, 6, 4 ಹೀಗೆ. ಸವೆದ ಹಾಗೆ ಒಂದೊಂದೇ ಅಂಕಿ ಅಳಿಯುತ್ತದೆ. ಉಳಿದ ಅಂಕಿಯೇ ಮಿಲಿಮೀಟರ್. ಒಂದು ಹಿಮದ ಹರಳಿನ ಚಿತ್ರವೂ ಉಂಟು, ಅದು ಅಳಿದರೆ ಆ ಟಯರ್ ಇನ್ನು ಹಿಮಕ್ಕೆ ಬೇಡ ಅಂತ.

ಮುಳ್ಳೇರಿಯದ ಟಯರಿನವ:

ಅಯ್ಯೋ, ಇದು ನನಗೆ ಬೇಕಾಗಿತ್ತು! ದಿವಸಕ್ಕೆ ಹತ್ತು ಜನರ ಹತ್ತಿರ "ಟಯರ್ ಬೋಳಾಗಿದೆ" ಅಂತ ಹೇಳಿದರೆ ಒಂಬತ್ತು ಜನ "ಇನ್ನೂ ಒಂದು ಮಳೆಗಾಲ ಹೋಗುತ್ತದೆ" ಅನ್ನುತ್ತಾರೆ. ಟಯರೇ ಅಂಕಿ ತೋರಿಸಿದರೆ ನನ್ನ ಬಾಯಿ ನೋವು ಉಳಿಯುತ್ತದೆ. ಅಂಥ ಕಂಪನಿಯವರು ಸುಳ್ಳು ಹೇಳಲಿಕ್ಕಿಲ್ಲ.

ಕುಂಬಳೆ ರಿಟೈರ್ಡ್:

ಅಲ್ಲಿ ಸ್ವಲ್ಪ ನಿಲ್ಲಿ. 2016ರಲ್ಲಿ ಅಲ್ಲಿಯ ಪತ್ರಿಕೆಯೊಂದು ಒಂದು ವಿಷಯ ಹೊರಗೆ ಹಾಕಿತು. ವಾಹನ ಪತ್ರಿಕೆಗಳು ಟಯರ್ ಪರೀಕ್ಷೆ ಮಾಡುತ್ತವಲ್ಲ, ಅಲ್ಲಿಗೆ ನೋಕಿಯನ್‌ನವರು ಅಂಗಡಿಯಲ್ಲಿ ಸಿಗುವುದಕ್ಕಿಂತ ಒಳ್ಳೇ ಟಯರ್ ಕಳಿಸುತ್ತಿದ್ದರು ಅಂತ. ಕಂಪನಿ ಒಪ್ಪಿಕೊಂಡಿತು, ಕ್ಷಮೆಯೂ ಕೇಳಿತು. ಮೇಲಿನ ಅಡಿಕೆ ಒಳ್ಳೇದು, ಚೀಲದ ಅಡಿಯದ್ದು ಬೇರೆ.

ದೇಲಂಪಾಡಿ ರಬ್ಬರ್:

ಹಾಗಾದರೆ ಅವರೂ ನಮ್ಮ ಊರಿನವರೇ.

ಮುಳ್ಳೇರಿಯದ ಟಯರಿನವ:

ಆಯ್ತು, ಸುಳ್ಳು ಹೇಳಲಿಕ್ಕಿಲ್ಲ ಅಂದದ್ದನ್ನು ವಾಪಸ್ ತೆಗೆದುಕೊಂಡೆ. ಹೊಸ ಟಯರ್ ಬಂದರೆ ಮೊದಲು ಆ ನಾಲ್ಕು ಅಂಕಿ ಓದುವುದೇ ನನ್ನ ಕೆಲಸ, ಯಾವ ದೇಶದ್ದಾದರೂ.

ಇನ್ನೊಂದು ಹೇಳುವುದು ಬಿಟ್ಟುಹೋಯಿತು. ಪೆರ್ಲದ ತಮ್ಮ 1.1 ಗ್ರಾಂ ಅಂದ ಮೇಲೆ ಸುಮ್ನೆ ಕೂರಲಿಕ್ಕೆ ಆಗಲಿಲ್ಲ. ಪಕ್ಕದ ಕಟ್ಟಡದಲ್ಲಿ ಆಚಾರ್ರ ಚಿನ್ನದ ಕೆಲಸದ ಅಂಗಡಿ. ಮೊಳೆಯನ್ನು ತೊಳೆದು, ಒರೆಸಿ, ಹೋಗಿ ತಕ್ಕಡಿಗೆ ಹಾಕಿ ಅಂದೆ. ಅವರು ಕನ್ನಡಕ ಏರಿಸಿ ನೋಡಿ, ಗಾಜಿನ ಮುಚ್ಚಳ ಹಾಕಿ ತೂಗಿದರು. 1 ಗ್ರಾಂ 40 ಮಿಲಿ. ಸವೆದದ್ದು ಲೆಕ್ಕ ಹಾಕಿದರೆ ಕಾನೂನಿಗೆ ಸರಿಯಾಗಿಯೇ ಉಂಟು. "ಇದರಲ್ಲಿ ಎಷ್ಟು ಚಿನ್ನ?" ಅಂತ ಕೇಳಿದರು ಆಚಾರ್ರು. ಟಯರಿನ ಮೊಳೆ ಅಂದೆ. ತಕ್ಕಡಿಯಿಂದ ತೆಗೆದು, ಬಟ್ಟೆಯಿಂದ ತಟ್ಟೆ ಒರೆಸಿ, "ನಿಮ್ಮ ಅಂಗಡಿಯ ಮೊಳೆ ಇಲ್ಲಿಗೆ ತರಬೇಡಿ ಮಾರಾಯ್ರೆ, ನನ್ನ ಸ್ಕೂಟರ್ ಹೊರಗೆ ನಿಲ್ಲಿಸಿದ್ದೇನೆ" ಅಂದರು.